ಆ್ಯಪ್‌ನಲ್ಲೂ ‘ಇಂದೇ ಕೊನೆ’ ಅಂತ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಸಿನಿಮಾ ಪುಟದಲ್ಲಿ ಈ ವಾರ ಓಟಿಟಿಗೆ, ಅಂದ್ರೆ ಇಂಟರ್ನೆಟ್ ಮೇಲೆ ಸಿನಿಮಾ ಸೀರಿಯಲ್ ತೋರಿಸೋ ಆ್ಯಪ್‌ಗಳಿಗೆ, ಏನೇನು ಬರ್ತಿದೆ ಅಂತ ಒಂದು ಬಾಕ್ಸ್ ಹಾಕ್ತೀರಲ್ಲ, ನಮ್ಮ ಮನೇಲಿ ನಮ್ಮಮ್ಮ ಪೇಪರ್ ಬಂದ ತಕ್ಷಣ ಮೊದಲು ನೋಡೋದೇ ಅದನ್ನ. ಆ ಬಾಕ್ಸ್ ಬಗ್ಗೆನೇ ಈ ಪತ್ರ. ಬರೋದನ್ನ ಎಲ್ರೂ ಹೇಳ್ತಾರೆ, ಹೋಗೋದನ್ನ ಯಾರೂ ಹೇಳಲ್ಲ, ಅದರಿಂದ ನಮ್ಮಂಥ ಮನೆಗಳಲ್ಲಿ ಏನಾಗ್ತಿದೆ ಅಂತ ತಿಳಿಸೋಣ ಅಂತ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ತುಮಕೂರಿನ ಬಟವಾಡಿ ಕಡೆ 18 ವರ್ಷ ಕೇಬಲ್ ನಡೆಸಿದೋನು. ಈಗ ಅದೇ ಮನೆಗಳಿಗೆ ಫೈಬರ್ ಎಳೆದು ಇಂಟರ್ನೆಟ್ ಕೊಡ್ತೀನಿ. ಹೋದ ವರ್ಷ ಅಮ್ಮಂಗೆ ಮಂಡಿ ಆಪರೇಷನ್ ಆಯ್ತು, ಮೂರು ತಿಂಗಳು ಮೆಟ್ಟಿಲು ಇಳಿಯೋ ಹಾಗಿಲ್ಲ ಅಂದ್ರು ಡಾಕ್ಟ್ರು. ಕೂತಲ್ಲೇ ಬೇಜಾರಾಗುತ್ತೆ ಅಂತ ಒಂದು ಆ್ಯಪ್‌ಗೆ ವರ್ಷದ ಪ್ಯಾಕ್ ಹಾಕಿಸಿ ಟಿವಿಗೆ ಕನೆಕ್ಟ್ ಮಾಡಿಕೊಟ್ಟೆ. ಅದರಲ್ಲಿ ಒಂದು ಹಳೇ ಕನ್ನಡ ಸೀರಿಯಲ್ ಇತ್ತು. ಅದು ಚಾನೆಲ್‌ನಲ್ಲಿ ಬರ್ತಿದ್ದಾಗ ಅಮ್ಮ ಗುಬ್ಬಿ ತಾಲ್ಲೂಕಿನ ನಮ್ಮ ಊರಲ್ಲಿದ್ರು, ಸಂಜೆ ಏಳೂವರೆಗೆ ಸರಿಯಾಗಿ ಕರೆಂಟ್ ಹೋಗೋದು, ವಾರದಲ್ಲಿ ಎರಡು ದಿನ ನೋಡಿದ್ರೆ ಮೂರು ದಿನ ಇಲ್ಲ, ಮಾರನೇ ದಿನ ಪಕ್ಕದ ಮನೆ ಅತ್ತಿಗೆ ಹತ್ರ ಕತೆ ಕೇಳ್ಕೊಂಡು ಬರೋರು. ಆ ತಪ್ಪಿಹೋದ ಕಂತುಗಳನ್ನೆಲ್ಲ ಈಗ ಕೂತು ನೋಡ್ತಿದ್ರು, ದಿನಕ್ಕೆ ನಾಲ್ಕೈದು. ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆದಿಡೋರು. 412ರ ತನಕ ಬಂದಿತ್ತು.

ಒಂದು ಸೋಮವಾರ ಬೆಳಗ್ಗೆ ಒತ್ತಿದ್ರೆ ಸೀರಿಯಲ್ ಇಲ್ಲ, ಹೆಸರು ಹುಡುಕಿದ್ರೂ ಬರಲ್ಲ. ಅಮ್ಮ ಎರಡು ದಿನ ನನಗೆ ಹೇಳಲೇ ಇಲ್ಲ, ತಾನೇ ಏನೋ ತಪ್ಪು ಬಟನ್ ಒತ್ತಿ ಅಳಿಸಿಬಿಟ್ಟೆ ಅಂದ್ಕೊಂಡು ಸುಮ್ಮನೆ ಕೂತಿದ್ರು. ನನಗೆ ಹೊಟ್ಟೆ ಉರಿದಿದ್ದು ಅದಕ್ಕೆ, ದುಡ್ಡಿಗಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಾದು ಕಾದು ಕೊನೆಗೆ ಸಿಕ್ಕಿದ ಹುಡುಗ ಹೇಳಿದ್ದು ಇಷ್ಟು, ಸರ್ ಆ ಶೋದು ಲೈಸೆನ್ಸ್ ಮುಗೀತು. ಯಾವಾಗ ಮುಗಿಯುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲಪ್ಪ ಅಂದೆ, ಅದಕ್ಕೆ ಉತ್ತರ ಇಲ್ಲ. ಪ್ಯಾಕ್ ಇನ್ನೂ ಏಳು ತಿಂಗಳು ಬಾಕಿ ಇತ್ತು. ಆಮೇಲೆ ಏರಿಯಾದ ಇನ್ನೂ ಮೂರ್ನಾಲ್ಕು ಮನೆಯಿಂದ ನನಗೇ ಫೋನು, ಆ ಸೀರಿಯಲ್ ಯಾಕೆ ಕಟ್ ಮಾಡಿದ್ರಿ ಅಂತ. ಕೇಬಲ್ ಕಾಲದ ಅಭ್ಯಾಸ ಅವರಿಗೆ, ಏನೇ ಬರದಿದ್ರೂ ಆಪರೇಟರ್‌ನೇ ಕೇಳೋದು.

ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೀತೀನಿ. ನಮ್ಮ ಜಿಲ್ಲೇಲಿ ಹುಣಸೆ ಮರ ಗುತ್ತಿಗೆ ಕೊಡೋದು ಗೊತ್ತಲ್ಲ, ಮರ ನಮ್ಮದೇ, ಬೇರು ನಮ್ಮ ಹೊಲದಲ್ಲೇ ಇರುತ್ತೆ, ಆ ವರ್ಷದ ಕಾಯಿ ಮಾತ್ರ ಗುತ್ತಿಗೆದಾರಂದು. ಅವನು ಉದುರಿಸ್ಕೊಂಡು ಮಂಡಿಗೆ ಹಾಕ್ತಾನೆ, ವರ್ಷ ಮುಗಿದ ಮೇಲೆ ಆ ಮರದ ಕೆಳಗೆ ಅವನು ಬರೋ ಹಾಗಿಲ್ಲ. ಆ್ಯಪ್‌ನಲ್ಲಿ ನೀವು ನೋಡೋ ಎಷ್ಟೋ ಶೋಗಳು ಹೀಗೇ ಗುತ್ತಿಗೆ ಮಾಲು. ಕಾಗದದಲ್ಲಿ ಎಷ್ಟು ವರ್ಷ, ಯಾವ ದೇಶಕ್ಕೆ, ಯಾವ ಭಾಷೆಗೆ, ಇವರೊಬ್ಬರಿಗೇನಾ ಬೇರೆಯವರಿಗೂ ಕೊಡಬಹುದಾ, ತಿಂಗಳ ಚಂದಾ ಕಟ್ಟಿದೋರಿಗಾ ಜಾಹೀರಾತು ಹಾಕಿ ಫ್ರೀಯಾಗಿ ತೋರಿಸೋದಕ್ಕಾ, ಎಲ್ಲಾ ಕಂತಾ ಅಥವಾ ಇತ್ತೀಚಿನ ನಾಲ್ಕೈದು ಕಂತು ಮಾತ್ರನಾ, ಇಷ್ಟೂ ಬರೆದಿರುತ್ತೆ. ಒಂದು ವ್ಯತ್ಯಾಸ ಇದೆ. ಮಂಡೀಲಿ ಹುಣಸೆಹಣ್ಣು ತಗೊಂಡೋನಿಗೆ ಗುತ್ತಿಗೆ ಯಾವಾಗ ಮುಗಿದ್ರೆ ಏನು, ಹಣ್ಣು ಅವನ ಚೀಲದಲ್ಲಿದೆ. ನಾವು ಹಾಗಲ್ಲ, ವರ್ಷದ ದುಡ್ಡು ಮುಂಗಡ ಕಟ್ಟಿ ದಿನಾ ಒಂದೊಂದು ಹಣ್ಣು ತಿನ್ನೋರು, ಮಧ್ಯದಲ್ಲಿ ಗುತ್ತಿಗೆ ಮುಗಿದ್ರೆ ನಮ್ಮ ಕೈಗೆ ಏನೂ ಉಳಿಯಲ್ಲ.

ಹೀಗೆ ಆ್ಯಪ್‌ಗೆ ಗುತ್ತಿಗೆ ಕೊಡೋದು ದೊಡ್ಡದಾಗಿ ನಡೆದಿದ್ದು ಅಮೆರಿಕದಲ್ಲಿ, ಅಲ್ಲಿನ ಕತೆ ನಮ್ಮ ಲೈನಿನೋರು ಬಹಳ ಗಮನ ಇಟ್ಟು ಓದಿದ್ವಿ, ಯಾಕಂದ್ರೆ ನಮ್ಮ ಹೊಟ್ಟೆಪಾಡೂ ಅದೇ ದಾರೀಲಿತ್ತು. ಅಲ್ಲೂ ಇಲ್ಲಿ ಥರಾನೇ ಪೇ ಚಾನೆಲ್‌ಗೆ ಎರಡು ಕಡೆಯಿಂದ ದುಡ್ಡು, ಒಂದು ಜಾಹೀರಾತು, ಇನ್ನೊಂದು ಪ್ರತಿ ಮನೆಗೆ ತಿಂಗಳಿಗೆ ಇಷ್ಟು ಅಂತ ಕೇಬಲ್‌ನೋರು ಕೊಡೋದು. (ಜಾಹೀರಾತೇ ಇಲ್ಲದೆ ಬರೀ ಚಂದಾ ಮೇಲೆ ನಡೆಯೋ ಚಾನೆಲ್‌ಗಳೂ ಅಲ್ಲಿ ಇದಾವೆ.) ನೆಟ್‌ಫ್ಲಿಕ್ಸ್ 2007ರಲ್ಲಿ ಸ್ಟ್ರೀಮಿಂಗ್, ಅಂದ್ರೆ ಇಂಟರ್ನೆಟ್ ಮೇಲೆ ನೇರವಾಗಿ ತೋರಿಸೋದು, ಶುರು ಮಾಡಿದಾಗ ಅವರ ಹತ್ರ ಸ್ವಂತದ್ದು ಅಂತ ಹೆಚ್ಚೇನೂ ಇರಲಿಲ್ಲ. 2008ರಲ್ಲಿ ಸ್ಟಾರ್ಜ್ ಅನ್ನೋ ಕೇಬಲ್ ಚಾನೆಲ್ ಜೊತೆ ಒಪ್ಪಂದ ಮಾಡ್ಕೊಂಡ್ರು, ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಅಂತ ಆಗ ವರದಿಯಾಗಿತ್ತು. ಡಿಸ್ನಿ, ಸೋನಿ ಸಿನಿಮಾಗಳು ಸ್ಟಾರ್ಜ್‌ದೇನಲ್ಲ, ಸ್ಟಾರ್ಜ್ ಅವರಿಂದ ಗುತ್ತಿಗೆ ತಗೊಂಡಿದ್ದು, ಅದನ್ನ ನೆಟ್‌ಫ್ಲಿಕ್ಸ್‌ಗೆ ಒಳಗುತ್ತಿಗೆ ಕೊಡ್ತು. ನೆಟ್‌ಫ್ಲಿಕ್ಸ್ ನೋಡೋರು ಜಾಸ್ತಿ ಆಗ್ತಾ ಹೋದ ಹಾಗೆ 2011ರ ಜೂನ್‌ನಲ್ಲಿ ಸೋನಿ ಸಿನಿಮಾಗಳು ಅಲ್ಲಿಂದ ಮಾಯ ಆದ್ವು, ಸೋನಿ ಮತ್ತು ಸ್ಟಾರ್ಜ್ ಮಧ್ಯದ ಕಾಗದದಲ್ಲಿ ಆನ್‌ಲೈನ್‌ನಲ್ಲಿ ಇಷ್ಟೇ ಜನ ನೋಡಬಹುದು ಅನ್ನೋ ಮಿತಿ ಇತ್ತಂತೆ. ನೋಡೋರಿಗೆ ಅದು ಹೇಗೆ ಗೊತ್ತಾಗಬೇಕು ಹೇಳಿ, ಅವರು ದುಡ್ಡು ಕೊಟ್ಟಿದ್ದು ಮೂರನೆಯವನಿಗೆ. ಅದೇ ಸೆಪ್ಟೆಂಬರ್‌ನಲ್ಲಿ ಸ್ಟಾರ್ಜ್ ಇನ್ನು ಮುಂದುವರೆಸಲ್ಲ ಅಂತ ಹೇಳಿ 2012ರ ಫೆಬ್ರವರಿ ಕೊನೆಗೆ ಎಲ್ಲಾ ವಾಪಸ್ ತಗೊಳ್ತು. ಮನೆಮನೆಯಿಂದ ಕೇಬಲ್ ಚಂದಾ ಬರ್ತಿರೋವಾಗ ಅದೇ ಮಾಲನ್ನ ಕಮ್ಮಿ ರೇಟಿಗೆ ಇನ್ನೊಂದು ಬಾಗಿಲಲ್ಲಿ ಮಾರಿದ್ರೆ ಮೊದಲ ಬಾಗಿಲು ಮುಚ್ಚುತ್ತೆ ಅನ್ನೋ ಭಯ. ನಾನು ಕೇಬಲ್‌ನೋನು, ಆ ಭಯ ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ಆದ್ರೆ ಭಯ ಪೂರ್ತಿ ಸರಿ ಅಂತಾನೂ ಅಲ್ಲ. ಎಎಂಸಿ ಅಂತ ಅಲ್ಲಿನ ಕೇಬಲ್ ಚಾನೆಲ್‌ನಲ್ಲಿ 2008ರಲ್ಲಿ ಬ್ರೇಕಿಂಗ್ ಬ್ಯಾಡ್ ಅನ್ನೋ ಸೀರಿಯಲ್ ಶುರುವಾದಾಗ ಮೊದಲ ಕಂತು ನೋಡಿದೋರು ಸುಮಾರು 14 ಲಕ್ಷ ಜನ. ಅದರ ನಿರ್ಮಾಣ ಸೋನಿದು, ಹಳೇ ಸೀಸನ್‌ಗಳು ನೆಟ್‌ಫ್ಲಿಕ್ಸ್‌ಗೆ ಬಂದ್ವು, ಜನ ಮೊದಲಿಂದ ನೋಡ್ಕೊಂಡು ಬಂದು ಹೊಸ ಕಂತಿಗೆ ಚಾನೆಲ್ ಮುಂದೆ ಕೂತ್ರು. 2013ರ ಸೆಪ್ಟೆಂಬರ್‌ನಲ್ಲಿ ಕೊನೇ ಕಂತು ಒಂದು ಕೋಟಿಗಿಂತ ಜಾಸ್ತಿ ಜನ ನೋಡಿದ್ರು. ನಾವು ಉಳ್ಕೊಂಡಿದ್ದೇ ನೆಟ್‌ಫ್ಲಿಕ್ಸ್‌ನಿಂದ ಅನ್ನೋ ಅರ್ಥದಲ್ಲಿ ಅದನ್ನ ಮಾಡಿದ ವಿನ್ಸ್ ಗಿಲ್ಲಿಗನ್ ಎಮ್ಮಿ ಅನ್ನೋ ಅಲ್ಲಿನ ಟಿವಿ ಪ್ರಶಸ್ತಿ ಕೊಟ್ಟ ದಿನ ಹೇಳಿದ್ರು. ಅಂದ್ರೆ ಹಳೇ ಕಂತು ಸಿಕ್ಕಿದ್ರೆ ಹೊಸ ಕಂತಿಗೆ ಜನ ಬರ್ತಾರೆ. ಎಚ್‌ಬಿಓ ಅನ್ನೋ ಅಲ್ಲಿನ ಚಾನೆಲ್ ಕೂಡ 2014ರಲ್ಲಿ ಅಮೆಜಾನ್‌ಗೆ ಕೊಟ್ಟಾಗ ಹಳೇ ಶೋಗಳನ್ನ ಕೊಟ್ಟು ಹೊಸದನ್ನ ತನ್ನ ಹತ್ರಾನೇ ಇಟ್ಕೊಳ್ತು.

ಆಮೇಲೆ ಎಲ್ರಿಗೂ ಒಂದು ಆಸೆ ಬಂತು, ಬೇರೆಯವನಿಗೆ ಗುತ್ತಿಗೆ ಯಾಕೆ, ನಾವೇ ಅಂಗಡಿ ಇಡೋಣ ಅಂತ. ಡಿಸ್ನಿ 2017ರಲ್ಲಿ ಹೇಳಿ 2019ರಲ್ಲಿ ಇಟ್ಟೇಬಿಡ್ತು, ಹಿಂದೆನೇ ಉಳಿದೋರು. ಅಂಗಡಿ ಇಟ್ಟ ಮೇಲೆ ಖರ್ಚು ಕಂಡು ಮತ್ತೆ ಕೆಲವು ಮಾಲು ನೆಟ್‌ಫ್ಲಿಕ್ಸ್‌ಗೇ ಗುತ್ತಿಗೆ ಕೊಡೋಕೆ ಶುರು ಮಾಡಿದ್ರು. ಯುಎಸ್‌ಎ ನೆಟ್‌ವರ್ಕ್ ಅನ್ನೋ ಕೇಬಲ್ ಚಾನೆಲ್‌ನಲ್ಲಿ 2011ರಿಂದ 2019ರ ತನಕ ಬಂದು ಮುಗಿದಿದ್ದ ಸೂಟ್ಸ್ ಅನ್ನೋ ವಕೀಲರ ಸೀರಿಯಲ್ 2023ರಲ್ಲಿ ಅಲ್ಲಿನ ನೆಟ್‌ಫ್ಲಿಕ್ಸ್‌ಗೆ ಬಂದಿದ್ದೇ ತಡ, ಆ ವರ್ಷ ಅಮೆರಿಕದ ಜನ ಅದನ್ನ 5,770 ಕೋಟಿ ನಿಮಿಷ ನೋಡಿದ್ರು ಅಂತ, ಜನ ಏನು ಎಷ್ಟು ನೋಡ್ತಾರೆ ಅಂತ ಅಳೆಯೋ ನೀಲ್ಸನ್ ಕಂಪನಿ ಲೆಕ್ಕ ಕೊಡ್ತು. ಮುಗಿದು ಹೋದ ಸೀರಿಯಲ್‌ಗೆ ಇಷ್ಟು ಜೀವ ಇರುತ್ತೆ! ಅದೇ ವರ್ಷ ಅಲ್ಲಿನ ಬರಹಗಾರರು 148 ದಿನ ಮುಷ್ಕರ ಮಾಡಿದ್ರು, ಅವರ ಬೇಡಿಕೆಗಳಲ್ಲಿ ಮುಖ್ಯವಾದ ಒಂದು ಸ್ಟ್ರೀಮಿಂಗ್‌ನಲ್ಲಿ ಓಡೋ ಕೆಲಸಕ್ಕೆ ಬರೆದೋರಿಗೂ ಸರಿಯಾದ ಪಾಲು ಬರಬೇಕು ಅಂತ.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಚಾನೆಲ್ ಬೇರೆ ಆ್ಯಪ್ ಬೇರೆ ಅಲ್ಲ, ಜೀ ಕನ್ನಡದ್ದು ಜೀ5ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡೂ ಈಗ ಜಿಯೋಹಾಟ್‌ಸ್ಟಾರ್‌ನಲ್ಲಿ. ಮನೆ ಮಾಲು ಮನೇಲೇ ಇರುತ್ತೆ, ಹೋಗಲ್ಲ ಅಂತ ಜನ ಅಂದ್ಕೊಂಡಿದಾರೆ. ಆದ್ರೆ ಮನೆನೇ ಅಡ್ರೆಸ್ ಬದಲಾಯಿಸುತ್ತೆ. ಕಲರ್ಸ್ ಕನ್ನಡ ಸೀರಿಯಲ್ ವೂಟ್ ಅನ್ನೋ ಆ್ಯಪ್‌ನಲ್ಲಿತ್ತು, 2023ರಲ್ಲಿ ವೂಟ್ ಹೋಗಿ ಜಿಯೋಸಿನಿಮಾ ಆಯ್ತು, 2025ರ ಫೆಬ್ರವರಿ 14ಕ್ಕೆ ಅದೂ ಹೋಗಿ ಜಿಯೋಹಾಟ್‌ಸ್ಟಾರ್ ಆಯ್ತು. ಇಂಗ್ಲಿಷ್ ಶೋ ನೋಡೋ ಹುಡುಗರ ಪಾಡೂ ಅಷ್ಟೇ, ಎಚ್‌ಬಿಓ ಶೋಗಳು ಹಾಟ್‌ಸ್ಟಾರ್‌ನಲ್ಲಿದ್ವು, 2023ರ ಮಾರ್ಚ್ 31ಕ್ಕೆ ಎದ್ದು ಮೇ ತಿಂಗಳಲ್ಲಿ ಜಿಯೋಸಿನಿಮಾಗೆ ಬಂದ್ವು, ಮಧ್ಯದ ಒಂದು ತಿಂಗಳು ಎಲ್ಲಿ ಅಂತ ಹುಡುಕಬೇಕು, ಈಗ ಎರಡೂ ಒಂದಾಗಿ ಮತ್ತೆ ಒಂದೇ ಕಡೆ. ನಮ್ಮ ಮನೆ ಪಕ್ಕದ ಪಿಜಿಯ ಇಂಜಿನಿಯರಿಂಗ್ ಹುಡುಗರು ಇದನ್ನ ಬಾಯಿಪಾಠ ಹೇಳ್ತಾರೆ, ವಯಸ್ಸಾದೋರಿಗೆ ಹೇಗೆ ಆಗುತ್ತೆ.

ಇದಲ್ಲದೆ ಹಳೇ ಸೀರಿಯಲ್‌ಗಳ ಕಾಗದಾನೇ ಒಂದು ಗೋಜಲು. ಕೆಲವನ್ನ ಚಾನೆಲ್ಲೇ ಕಂತಿಗೆ ಇಷ್ಟು ಅಂತ ದುಡ್ಡು ಕೊಟ್ಟು ಮಾಡಿಸಿರುತ್ತೆ, ಅಂಥದ್ದರಲ್ಲಿ ಸಾಮಾನ್ಯವಾಗಿ ಎಲ್ಲಾ ಹಕ್ಕು ಚಾನೆಲ್‌ದು. ಕೆಲವರು ಸ್ಲಾಟ್, ಅಂದ್ರೆ ಚಾನೆಲ್‌ನ ಸಮಯ, ಕೊಂಡು ಪ್ರಾಯೋಜಕರನ್ನ ತಾವೇ ಹಿಡಿದು ಮಾಡಿದ್ದು, ಹಕ್ಕು ನಿರ್ಮಾಪಕರದ್ದು. ದೂರದರ್ಶನ ಕಾಲದ ಎಷ್ಟೋ ಧಾರಾವಾಹಿ ಹೀಗೇ ಪ್ರಾಯೋಜಿತ. ಆಗ ಕಾಗದದಲ್ಲಿ ಪ್ರಸಾರದ ಹಕ್ಕು ಅಂತ ಬರೆದಿರ್ತಾರೆ, ಇಂಟರ್ನೆಟ್ ಅನ್ನೋದು ಯಾರ ತಲೇಲೂ ಇರಲಿಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು, ಕಾಗದ ಮಾಡೋವಾಗ ಇಲ್ಲದೇ ಇದ್ದ ಮಾಧ್ಯಮಕ್ಕೆ ಆ ಹಕ್ಕು ತಾನಾಗೇ ಹೋಗಲ್ಲ, ಹೆಸರು ಹೇಳಿ ಬರೆದಿದ್ರೆ ಮಾತ್ರ ಹೋಗುತ್ತೆ ಅಂತ. ಮಾಡಿದೋರಿಗೆ ಅದು ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದ್ರೆ ಹೊಸದಾಗಿ ಕಾಗದ ಮಾಡ್ಕೊಬೇಕು, ಬರೆದೋರು, ನಿರ್ಮಾಪಕರು, ಟೈಟಲ್ ಸಾಂಗ್ ಹಕ್ಕಿರೋರು ಎಲ್ರೂ ಸಿಗಬೇಕು, ಎಷ್ಟೋ ಜನ ಈಗ ಇಲ್ಲ, ಮಕ್ಕಳು ಎಲ್ಲೋ. ಸೀರಿಯಲ್ ಮಧ್ಯದಲ್ಲಿ ರೇಡಿಯೋದಲ್ಲಿ ಒಂದು ಸಿನಿಮಾ ಹಾಡು ಕೇಳಿಸಿದ್ರೂ ಆ ಹಾಡಿಗೆ ಬೇರೆ ಒಪ್ಪಿಗೆ ಬೇಕು. ಮತ್ತೆ ಅದೇ ಕಾಯ್ದೇಲಿ ಇನ್ನೊಂದು ಮಾತಿದೆ, ಎಷ್ಟು ವರ್ಷ ಅಂತ ಬರೀದೇ ಇದ್ರೆ 5 ವರ್ಷ ಅಂತ ಲೆಕ್ಕ. ಅಂದ್ರೆ ನೀವು ತಾರೀಖು ಬರೀದೇ ಇದ್ರೂ ಕಾನೂನೇ ಒಂದು ತಾರೀಖು ಹಾಕುತ್ತೆ. ಆ ತಾರೀಖು ಆ್ಯಪ್‌ನೋರ ಕಂಪ್ಯೂಟರ್‌ನಲ್ಲಿ ಇದ್ದೇ ಇರುತ್ತೆ, ಇಲ್ಲ ಅಂದ್ರೆ ಸೋಮವಾರ ಬೆಳಗ್ಗೆ ಸರಿಯಾಗಿ ಹೇಗೆ ತೆಗೀತಾರೆ? ನಮಗೆ ಮಾತ್ರ ತೋರಿಸಲ್ಲ.

ಕೇಬಲ್‌ಗೆ ಇದರ ಬಗ್ಗೆ ನಿಯಮ ಇದೆ ಸ್ವಾಮಿ. ಒಂದು ಚಾನೆಲ್ ಸಿಗ್ನಲ್ ನಿಲ್ಲಿಸಬೇಕು ಅಂದ್ರೆ ಮೂರು ವಾರ ಮುಂಚೆ ನೋಟಿಸ್ ಕೊಡಬೇಕು ಅಂತ ಟ್ರಾಯ್, ಅಂದ್ರೆ ಫೋನು ಕೇಬಲ್‌ಗೆಲ್ಲ ನಿಯಮ ಮಾಡೋ ಕೇಂದ್ರದ ಪ್ರಾಧಿಕಾರ, ಹೇಳುತ್ತೆ. ಚಾನೆಲ್ ಕೆಳಗೆ ಪಟ್ಟಿ ಓಡೋದು ನೀವೂ ನೋಡಿರ್ತೀರ, ಇಂಥ ದಿನದಿಂದ ಈ ಚಾನೆಲ್ ಬರಲ್ಲ ಅಂತ. ಆ ಪಟ್ಟಿ ಓಡಿದ ದಿನ ನನ್ನ ಫೋನ್ ಬಿಡುವೇ ಕೊಡ್ತಿರಲಿಲ್ಲ, ಜನ ಬೈಯೋರು, ಆದ್ರೆ ಗೊತ್ತಾಗ್ತಿತ್ತು, ಬೇರೆ ಪ್ಯಾಕ್ ತಗೊಳ್ಳೋಕೆ ಟೈಮ್ ಸಿಗೋದು. ರೇಟಿಗೂ ಲಗಾಮಿದೆ, ಬೊಕೆಗೆ, ಅಂದ್ರೆ ಹಲವು ಚಾನೆಲ್ ಒಟ್ಟಿಗೆ ಮಾರೋ ಪ್ಯಾಕಿಗೆ, ಸೇರಿಸೋ ಚಾನೆಲ್ ಬೆಲೆ ತಿಂಗಳಿಗೆ 19 ರೂಪಾಯಿ ದಾಟಬಾರದು ಅಂತ 2022ರಲ್ಲಿ ಮತ್ತೆ ತಿದ್ದಿದ್ರು. ಆ್ಯಪ್‌ಗಳಿಗೆ ಈ ಟ್ರಾಯ್ ನಿಯಮ ಯಾವುದೂ ಮುಟ್ಟಲ್ಲ. ಅವರಿಗೆ ಇರೋದು 2021ರ ಐಟಿ ನಿಯಮ, ಅದರ ಪ್ರಕಾರ ಪ್ರತಿ ಶೋ ಮೇಲೆ ಯಾವ ವಯಸ್ಸಿನೋರು ನೋಡಬಹುದು ಅಂತ ಹಾಕ್ಬೇಕು, 7+, 13+, 16+ ಅಂತ, ಹಾಕ್ತಿದಾರೆ. ಹಾಗಾದ್ರೆ ಅದರ ಪಕ್ಕದಲ್ಲೇ ಒಂದು ತಾರೀಖು ಹಾಕೋಕೆ ಎಷ್ಟು ಜಾಗ ಬೇಕು?

ಆಗದೇ ಇರೋ ಕೆಲಸ ಏನೂ ಅಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಇನ್ನೊಂದು ತಿಂಗಳೊಳಗೆ ಹೋಗೋ ಶೋ ಆದ್ರೆ ಅದರ ವಿವರದಲ್ಲಿ ನೋಡೋಕೆ ಕೊನೇ ದಿನ ಇಂಥದ್ದು ಅಂತ ಬರುತ್ತೆ. ನನ್ನ ಪ್ರಕಾರ ಒಂದು ತಿಂಗಳೂ ಸಾಲದು, 800 ಕಂತಿನ ಕನ್ನಡ ಸೀರಿಯಲ್‌ಗೆ ಒಂದು ತಿಂಗಳಲ್ಲಿ ಏನಾಗುತ್ತೆ, ಆದ್ರೂ ಅಷ್ಟಾದ್ರೂ ಇದೆ. ವರ್ಷದ ಪ್ಯಾಕ್ ಮಾರೋ ಪ್ರತಿ ಆ್ಯಪ್‌ನೋರು ಆ ವರ್ಷದೊಳಗೆ ಹೋಗೋ ಶೋಗಳ ಮೇಲೆ ಮೊದಲೇ ತಾರೀಖು ಹಾಕಲಿ, ದುಡ್ಡು ಕಟ್ಟೋಕೆ ಮುಂಚೆ ಕಾಣೋ ಹಾಗೆ. ಮಧ್ಯದಲ್ಲಿ ಕಾಗದ ಮುರಿದು ಹೋದ್ರೆ ಅದು ಬೇರೆ ಮಾತು, ಅವಾಗ ಒಂದು ಮೆಸೇಜ್ ಕಳಿಸಲಿ, ಆಫರ್ ಮೆಸೇಜ್ ದಿನಕ್ಕೆ ಮೂರು ಕಳಿಸ್ತಾರಲ್ಲ ಅದೇ ನಂಬರಿಗೆ. ಗ್ರಾಹಕ ಸಂರಕ್ಷಣಾ ಕಾಯ್ದೇಲಿ ಕೊಳ್ಳೋ ಸರಕು ಸೇವೆ ಬಗ್ಗೆ ತಿಳ್ಕೊಳ್ಳೋದು ಹಕ್ಕು ಅಂತಾನೇ ಇದೆ, 2019ರ ಹೊಸ ಕಾಯ್ದೆ. ನಮ್ಮ ಜಿಲ್ಲೆಯ ಸಂಸದರು ಶಾಸಕರು ಯಾರಾದ್ರೂ ಇದನ್ನ ಮಾಹಿತಿ ಮತ್ತು ಪ್ರಸಾರ ಇಲಾಖೆ ತನಕ ಮುಟ್ಟಿಸಿದ್ರೆ ದೊಡ್ಡ ಉಪಕಾರ.

ನಮ್ಮ ತಾತ ಗುಬ್ಬಿ ಕಂಪನಿ ನಾಟಕದ ಹುಚ್ಚಿದ್ದೋರು. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಊರೂರಲ್ಲಿ ಕ್ಯಾಂಪ್ ಹಾಕ್ತಿತ್ತು, ಕ್ಯಾಂಪ್ ಎತ್ತೋಕೆ ಮುಂಚೆ ಕೊನೇ ಮೂರು ಆಟ ಅಂತ ಹ್ಯಾಂಡ್‌ಬಿಲ್ ಹಂಚೋರಂತೆ, ಹಳ್ಳಿಯೋರು ಗಾಡಿ ಕಟ್ಕೊಂಡು ಬರೋರಂತೆ. ನಾವು ಸಣ್ಣೋರಿದ್ದಾಗ ತುಮಕೂರು ಟಾಕೀಸುಗಳ ಪೋಸ್ಟರ್ ಮೇಲೆ ‘ಇಂದೇ ಕೊನೆ’ ಅಂತ ಅಡ್ಡಡ್ಡ ಒಂದು ಚೀಟಿ ಅಂಟಿಸೋರು, ಅದನ್ನ ನೋಡೇ ಎಷ್ಟೋ ಜನ ಸೆಕೆಂಡ್ ಶೋಗೆ ಓಡೋರು. ಹೋಗೋದನ್ನ ಹೇಳಿದ್ರೆ ಅವರಿಗೇನು ನಷ್ಟ ಆಗ್ತಿರಲಿಲ್ಲ, ಟಿಕೆಟ್ ಜಾಸ್ತಿನೇ ಹೋಗ್ತಿತ್ತು.

ಇನ್ನೊಂದು ಮಾತು ದೂರದರ್ಶನದ ಬಗ್ಗೆ. ದೂರದರ್ಶನ ನಡೆಸೋ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಅಂತ ತನ್ನದೇ ಆ್ಯಪ್ ಬಿಡ್ತು. ಚಂದನದ ಹಳೇ ಧಾರಾವಾಹಿಗಳಲ್ಲಿ ಹಕ್ಕು ದೂರದರ್ಶನದ್ದೇ ಆಗಿರೋವು ಇದಾವೆ, ಅವನ್ನ ಒಂದೊಂದಾಗಿ ಹುಡುಕಿ ಪೂರ್ತಿ ಅಲ್ಲಿ ಹಾಕಿದ್ರೆ ಯಾವ ಗುತ್ತಿಗೆ ತಂಟೇನೂ ಇಲ್ಲ. ಹಕ್ಕು ನಿರ್ಮಾಪಕರ ಹತ್ರ ಇರೋದಕ್ಕೆ ಅವರನ್ನ ಕರೆದು ಮಾತಾಡಿ ಒಂದು ರೇಟ್ ಕೊಟ್ಟು ತಗೊಳ್ಳಲಿ. ಟೇಪುಗಳು ಕಾಯ್ತಾ ಕೂರಲ್ಲ, ಬೂಸ್ಟು ಹಿಡಿದ ಮೇಲೆ ಹಕ್ಕು ಯಾರದ್ದಾದ್ರೇನು.

ಸಂಪಾದಕರೇ, ನಿಮ್ಮಲ್ಲಿ ಕೇಳೋದು ಇಷ್ಟೇ. ಆ ಬಾಕ್ಸ್‌ನ ಕೆಳಗೆ ಎರಡು ಗೆರೆ ಸೇರಿಸಿ, ಈ ತಿಂಗಳು ಯಾವ ಆ್ಯಪ್‌ನಿಂದ ಏನು ಹೋಗ್ತಿದೆ ಅಂತ. ಆ್ಯಪ್‌ನೋರು ನಿಮಗೆ ಬರೋದರ ಲಿಸ್ಟ್ ಕಳಿಸೋವಾಗ ಹೋಗೋದರ ಲಿಸ್ಟೂ ಕೇಳಿ. ಪೇಪರ್‌ನೋರು ಕೇಳಿದ್ರೆ ಕೊಡ್ತಾರೆ, ನಾವು ಕೇಳಿದ್ರೆ ಹೋಲ್ಡ್‌ನಲ್ಲಿ ಹಾಡು ಹಾಕ್ತಾರೆ. ಕನ್ನಡ ಸೀರಿಯಲ್‌ಗಳನ್ನ ಮಾತ್ರ ಬಿಡಬೇಡಿ, ಇಂಗ್ಲಿಷ್ ಹಿಂದಿದು ಹುಡುಗರು ಹೇಗೋ ತಿಳ್ಕೊತಾರೆ.

ನಾನೂ ನನ್ನ ಆಫೀಸ್ ಮುಂದಿನ ಬೋರ್ಡ್ ಮೇಲೆ, ಮುಂಚೆ ಚಾನೆಲ್ ರೇಟ್ ಬರೀತಿದ್ದ ಜಾಗದಲ್ಲಿ, ಗೊತ್ತಾದಷ್ಟು ಬರೆದು ಹಾಕೋಕೆ ಶುರು ಮಾಡಿದೀನಿ, ಈ ತಿಂಗಳು ಐದು ಹೆಸರಿದೆ. ಅಮ್ಮ ಈಗ ಕೋಲು ಹಿಡ್ಕೊಂಡು ಕೆಳಗೆ ಇಳೀತಾರೆ, ದಿನಾ ಬಂದು ಬೋರ್ಡ್ ಓದ್ಕೊಂಡು ಹೋಗ್ತಾರೆ. ಕ್ಯಾಲೆಂಡರ್ ಹಿಂದೆ 412 ಅನ್ನೋದು ಹಾಗೇ ಇದೆ, ವರ್ಷ ಬದಲಾದ್ರೂ ಆ ಕ್ಯಾಲೆಂಡರ್ ತೆಗೆಯೋಕೆ ಬಿಟ್ಟಿಲ್ಲ.

ಇಂತಿ,
ಒಬ್ಬ ಹಳೇ ಕೇಬಲ್ ಆಪರೇಟರ್
ಬಟವಾಡಿ, ತುಮಕೂರು